ಅರಸೀಕೆರೆಯ ನೀರು, ನಮ್ಮ ಮನೆಯ ಹಲ್ಲು

ಅರಸೀಕೆರೆಯವರು ತಮ್ಮ ನಲ್ಲಿಯ ನೀರನ್ನು ಬೆಳಗಿನಿಂದ ಸಂಜೆಯವರೆಗೂ ಬೈಯುತ್ತಾರೆ. ಬೇಳೆ ಬೇಯಲ್ಲ, ಸೋಪು ನೊರೆ ಕೊಡಲ್ಲ, ಬಕೆಟ್ಟಿನ ಬಿಳಿ ಕಲೆ ಹೋಗಲ್ಲ, ಗೀಸರಿನ ಕಾಯಿಲು ಬಾಳಿಕೆ ಬರಲ್ಲ. ಇಷ್ಟೂ ಅವರದೇ ಮಾತು. ಆದರೆ ಹೊರಗಿನಿಂದ ಬಂದವರು, ಅದರಲ್ಲೂ ನನ್ನಂತೆ ಬೇಲೂರು ಕಡೆಯಿಂದ ಬಂದ ಸೊಸೆ, ಇದರಲ್ಲಿ ಒಂದೇ ಒಂದು ಮಾತನ್ನು ತಿರುಗಿ ಆಡಲಿ ನೋಡೋಣ! ತಕ್ಷಣ ಎದೆ ಸೆಟೆಸಿ ನಿಲ್ಲುತ್ತಾರೆ. “ನಮ್ ನೀರಲ್ಲಿ ಸತ್ವ ಐತೆ ಕಣಮ್ಮ. ನಿಮ್ ಕಡೇದು ಬರೀ ಸಪ್ಪೆ” ಎನ್ನುತ್ತಾರೆ. ಸತ್ವವಂತೆ, ಸತ್ವ! ಆ ಸತ್ವವನ್ನು ಪಾತ್ರೆಯ ತಳದಿಂದ ಕೆರೆದು ಕೆರೆದು ನನ್ನ ಉಗುರು ಸವೆದಿದೆ.

ನನ್ನ ತವರು ಬೇಲೂರು ಹತ್ತಿರದ ಹಗರೆ. ಹೊಲ, ಹಸು, ಡೇರಿಗೆ ಹಾಲು ಹಾಕುವ ಮನೆ. ನಮ್ಮ ಬಾವಿಯ ನೀರಿನಲ್ಲಿ ಸೋಪು ಮುಟ್ಟಿದರೆ ಸಾಕು, ನೊರೆ ತೊಳೆದುಕೊಳ್ಳುವುದೇ ಒಂದು ಕೆಲಸ. ನೀರು ಅಂದರೆ ಹಾಗೇ ಇರುತ್ತದೆ ಅಂದುಕೊಂಡೇ ಬೆಳೆದೆ. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸದರಲ್ಲಿ ಅತ್ತೆ ನನಗೆ ಒಪ್ಪಿಸಿದ ಮೊದಲ ಕೆಲಸ ಸಾರು. ತೊಗರಿಬೇಳೆ ಕುಕ್ಕರಿಗಿಟ್ಟೆ. ವಿಷಲ್ ಮೇಲೆ ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಬೇಳೆ ಅಂಗಡಿಯಿಂದ ತಂದಂತೆಯೇ ಬಿಡಿಬಿಡಿಯಾಗಿ ಕೂತಿತ್ತು. ಊಟಕ್ಕೆ ಕೂತ ನೆಂಟರೆದುರು ಅತ್ತೆ, “ಹಗರೇಲಿ ಬೇಳೆ ಹಸೀದೇ ತಿಂತಾರೇನೋ ಪಾಪ” ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ತಾವು ಕುಕ್ಕರಿಗೆ ಒಂದು ಚಿಟಿಕೆ ಸೋಡಾ ಹಾಕುತ್ತಾರೆ ಎಂಬುದನ್ನು ಅತ್ತೆ ಎಷ್ಟೋ ತಿಂಗಳು ನನಗೆ ಹೇಳಲೇ ಇಲ್ಲ. ಇಡೀ ಬೀದಿಯ ಹೆಂಗಸರು ಗುಟ್ಟಾಗಿ ಸೋಡಾ ಹಾಕುತ್ತಿದ್ದರು, ಬೇಳೆ ಬೇಯಿಸುವುದು ತಮ್ಮ ಕೈಗುಣ ಎಂದು ಮೆರೆಯುತ್ತಿದ್ದರು.

ಊರಿಗೆ ನದಿಯ ನೀರಿನ ಪೈಪು ಬಂದಿದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಬಡಾವಣೆ ಏರಿನ ಮೇಲಿದೆ. ನಮ್ಮ ನಲ್ಲಿಯಲ್ಲಿ ಹೆಚ್ಚಿನ ದಿನ ಬರುವುದು ಆಳದ ಬೋರಿನ ನೀರೇ. ಲೋಟದಲ್ಲಿ ಹಿಡಿದರೆ ಕನ್ನಡಿಯ ಹಾಗೆ ಕಾಣುತ್ತದೆ. ಅದೇ ಲೋಟ ಒಣಗಿದ ಮೇಲೆ ನೋಡಬೇಕು, ಸುಣ್ಣ ಬಳಿದ ಗೋಡೆ. ತಲೆಗೆ ಸ್ನಾನ ಮಾಡಿದರೆ ಕೂದಲು ತೆಂಗಿನ ನಾರು. ಕೊಬ್ಬರಿ ವ್ಯಾಪಾರದ ಊರಿನಲ್ಲಿ ನಾರು ಯಾವುದು ಕೂದಲು ಯಾವುದು ಎಂದು ಕೇಳುವ ಹಾಗಿಲ್ಲ ಬಿಡಿ.

ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಗಡಸು ನೀರು ಎಂದರೇನು ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮನೆಯಲ್ಲಿ ಬಾಯಿ ತೆರೆದರೆ ಮಾತ್ರ, “ಪಾಠ ಇಸ್ಕೂಲಲ್ಲಿ ಇಟ್ಕೋ ಕಣಮ್ಮ” ಎಂಬ ಉತ್ತರ. ಅದಿರಲಿ. ಒಂದು ದಿನ ಟೈ ಕಟ್ಟಿಕೊಂಡು ನೀರಿನ ಫಿಲ್ಟರು ಮಾರುವವನೊಬ್ಬ ಬಂದ. ನಮ್ಮ ನಲ್ಲಿಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ಅದರೊಳಗೆ ಎರಡು ಕಡ್ಡಿ ಇಳಿಬಿಟ್ಟು, ಕರೆಂಟು ಕೊಟ್ಟ. ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಗಬ್ಬು ಕೆನೆ ಕಟ್ಟಿತು. “ನೋಡಿ ಮೇಡಂ, ದಿನಾ ನೀವು ಕುಡೀತಿರೋದು ಇದನ್ನೇ” ಎಂದ. ಅದು ನೀರಿನ ಕೊಳೆಯಲ್ಲ, ಅವನ ಕಡ್ಡಿಯ ಕಬ್ಬಿಣ. ಮಳೆನೀರಿಗೆ ಚಿಟಿಕೆ ಉಪ್ಪು ಹಾಕಿ ಮಾಡಿದರೂ ಅಷ್ಟೇ ಕೊಳಕಾಗುತ್ತದೆ ಎಂದು ಹೇಳಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿದ. ನನ್ನ ಗಂಡ, “ನೀನು ಸ್ವಲ್ಪ ಸುಮ್ನಿರೇ” ಎಂದ. ಎದುರು ಮನೆಯವರು ಆಗಲೇ ಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಅತ್ತೆಯ ಸತ್ವದ ಮಾತೆಲ್ಲ ಎಲ್ಲಿ ಹೋಯಿತೋ, ಸಂಜೆಯೊಳಗೆ ಯಂತ್ರ ಅಡುಗೆಮನೆಯ ಗೋಡೆಗೆ ಬಂತು.

ಬಂದದ್ದು ಒಳ್ಳೆಯದೇ ಆಯಿತು, ಸುಳ್ಳು ಹೇಳಿ ಮಾರಿದರೂ ಯಂತ್ರ ಒಳ್ಳೆಯದು ಎಂದು ನಾನೂ ಅಂದುಕೊಂಡೆ. ಎಲ್ಲಿಯ ಒಳ್ಳೆಯದು! ಅತ್ತೆ ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ ಹೊಲಿದರು. ದಿನಾ ಬಳಸಿದರೆ ಸವೆಯುತ್ತದಂತೆ. ಅದರ ನೀರು ಮೊದಲು ದೇವರ ಕಲಶಕ್ಕೆ, ಯಾಕೆಂದರೆ ಬೋರಿನ ನೀರಿಟ್ಟರೆ ಬೆಳ್ಳಿಯ ಮೇಲೆ ಬಿಳಿ ಕಲೆ ಕೂರುತ್ತದೆ. ಆಮೇಲೆ ಇನ್ವರ್ಟರಿನ ಬ್ಯಾಟರಿಗೆ, ಯಾಕೆಂದರೆ ಬೋರಿನ ನೀರು ಹಾಕಿದರೆ ಬ್ಯಾಟರಿ ಸಾಯುತ್ತದೆ. ಆಮೇಲೆ ನೆಂಟರಿಗೆ. ಮನೆಯವರು ಮಾತ್ರ ನಲ್ಲಿಯದನ್ನೇ ಕುಡಿಯಬೇಕು. ಬೆಳ್ಳಿ ಹಾಳಾಗುತ್ತದೆ, ಬ್ಯಾಟರಿ ಹಾಳಾಗುತ್ತದೆ, ಮನುಷ್ಯರ ಹೊಟ್ಟೆಗೆ ಹೋದರೆ ಅದು ಸತ್ವ! ಇಂಥ ತಲೆಗಳ ಮಧ್ಯೆ ನಾನು ಸಂಸಾರ ಮಾಡಿದ್ದೇನೆ.

ಈಗ ನನ್ನ ನಾದಿನಿಯ ವಿಷಯಕ್ಕೆ ಬರುತ್ತೇನೆ. ನನ್ನ ಗಂಡನ ಒಬ್ಬಳೇ ತಂಗಿ. ಖಾಸಗಿ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ. ಚುರುಕು ಹುಡುಗಿ, ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಆದರೆ ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ, ಅಲ್ಲಲ್ಲಿ ಗುಳಿ. ಮಾತಾಡುವಾಗ ಮೇಲಿನ ತುಟಿಯನ್ನು ಬಿಗಿಹಿಡಿಯುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು. ನಗು ಬಂದರೆ ಅಂಗೈ ಅಡ್ಡ ಬರುತ್ತಿತ್ತು. ಕೋವಿಡ್ ಕಾಲದಲ್ಲಿ ಊರೆಲ್ಲ ಮಾಸ್ಕಿಗೆ ಶಾಪ ಹಾಕುತ್ತಿದ್ದಾಗ ಇಡೀ ಅರಸೀಕೆರೆಯಲ್ಲಿ ಖುಷಿಯಾಗಿದ್ದವಳು ಅವಳೊಬ್ಬಳೇ ಇರಬೇಕು. ಲ್ಯಾಬಿನಲ್ಲಿ ಮಾಸ್ಕಿನೊಳಗೆ ಗಹಗಹಿಸಿ ನಗುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಅವಳ ಜೊತೆ ಕೆಲಸ ಮಾಡುವವಳು.

ನೀರು ಬರೀ ಗಡಸಾಗಿದ್ದರೆ ಪಾತ್ರೆ, ಗೀಸರು ಹಾಳಾಗುತ್ತಿದ್ದವು, ಅಷ್ಟೇ. ಈ ಬೋರುಗಳ ನೀರಿನಲ್ಲಿ ಫ್ಲೋರೈಡೂ ಇದೆ. ಮಕ್ಕಳ ಹಲ್ಲು ಇನ್ನೂ ಒಸಡಿನೊಳಗೆ ಕಟ್ಟುತ್ತಿರುವ ವಯಸ್ಸಿನಲ್ಲಿ ಅದು ಹೆಚ್ಚಾಗಿ ಹೊಟ್ಟೆಗೆ ಹೋದರೆ, ಹಲ್ಲು ಹುಟ್ಟುವಾಗಲೇ ಕಲೆ ಹೊತ್ತು ಬರುತ್ತದೆ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು. ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದ ಅರ್ಧ ಜನಕ್ಕೆ ಇದೇ ಹಲ್ಲು. ನನ್ನ ಗಂಡನಿಗೂ ಇದೆ, ಪಕ್ಕದ ಮನೆಯವರಿಗೂ ಇದೆ, ಎದುರು ಮನೆಯವರಿಗೂ ಇದೆ. ಗಂಡಸರು ಎಲೆಯಡಿಕೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಆ ದಾರಿಯೂ ಇಲ್ಲ. ಇಷ್ಟು ಕಣ್ಣೆದುರಿಗಿದ್ದರೂ ಪ್ರತಿ ಮನೆಯವರೂ ಏನನ್ನುತ್ತಾರೆ ಗೊತ್ತೇ? “ಇದು ನಮ್ ವಂಶದ್ ಹಲ್ಲು” ಎನ್ನುತ್ತಾರೆ. ಅತ್ತೆಯ ಪ್ರಕಾರ ಅದು ತೀರಿಹೋದ ಮಾವನವರ ಅಜ್ಜಿಯ ಕಡೆಯಿಂದ ಬಂದದ್ದು. ಎದುರು ಮನೆಯವರ ಪ್ರಕಾರ ಅವರದು ಅವರ ತಾತನಿಂದ. ಹಾಗಾದರೆ ಇಡೀ ಬೀದಿ ಒಂದೇ ಅಜ್ಜಿಯ ಮೊಮ್ಮಕ್ಕಳೇನು ಎಂದು ಒಮ್ಮೆ ಕೇಳಿಬಿಟ್ಟೆ. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು, ನನಗೆ ಅದರಿಂದ ಸುಖವೇ ಆಯಿತು.

ನನ್ನ ನಾದಿನಿಗೆ ಮದುವೆಯಾಗುವ ಆಸೆ ಇತ್ತು. ಅದರಲ್ಲಿ ನಾಚಿಕೆ ಪಡುವುದೇನಿದೆ? ಒಂದು ಸಂಜೆ ಬಟ್ಟೆ ಮಡಿಸುತ್ತಾ ಅವಳೇ ಅಂದಳು. “ಅತ್ತಿಗೆ, ನಂಗೆ ಸೈಟು ಕಾರು ಏನೂ ಬೇಡ. ಎದುರಿಗೆ ಕೂತು ಬಾಯಿ ತುಂಬ ನಗೋಕೆ ಒಬ್ರು ಬೇಕು, ಅಷ್ಟೇ.” ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ.

ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅತ್ತೆಯೂ ಬಂದಿದ್ದರು. ಡಾಕ್ಟರು ಒಂದು ನಿಮಿಷ ನೋಡಿ, “ಚಿಕ್ಕಂದಿನಲ್ಲಿ ಕುಡಿದ ನೀರಿಂದಮ್ಮ ಇದು. ಕ್ಲೀನ್ ಮಾಡಿದ್ರೆ ಹೋಗಲ್ಲ. ಮೇಲೊಂದು ಪದರ ಅಂಟಿಸ್ಬಹುದು” ಎಂದರು. ಅತ್ತೆ ಅಲ್ಲಿ ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಮೆಟ್ಟಿಲಿಳಿಯುತ್ತಿದ್ದಂತೆ, “ಅವನಿಗೇನ್ ಗೊತ್ತು, ದುಡ್ ಕೀಳಕ್ ಹೇಳ್ತಾನೆ. ನಾನೂ ಅದೇ ನೀರು ಕುಡಿದಿಲ್ವಾ?” ಎಂದರು. ಅತ್ತೆ ಮದುವೆಯಾಗಿ ಈ ಊರಿಗೆ ಬಂದದ್ದು ಹಲ್ಲೆಲ್ಲ ಹುಟ್ಟಿ ಎಷ್ಟೋ ವರ್ಷವಾದ ಮೇಲೆ. ಅದನ್ನು ಹೇಳಿದೆ. ಕಿವಿಗೆ ಹಾಕಿಕೊಂಡರೆ ತಾನೇ? ಲೋಟದಲ್ಲಿ ಕಡ್ಡಿ ಅದ್ದಿ ಮೋಸ ಮಾಡಿದವನನ್ನು ನಂಬಿದರು, ಓದಿ ಬಂದು ನಿಜ ಹೇಳಿದವರನ್ನು ನಂಬಲಿಲ್ಲ. ಮನೆಗೆ ಬಂದು ಉಪ್ಪು, ನಿಂಬೆಹಣ್ಣು, ಇದ್ದಿಲ ಪುಡಿ ಕಲಸಿ ಮಗಳ ಹಲ್ಲು ತಿಕ್ಕಿಸಿದರು. ಒಸಡಲ್ಲಿ ರಕ್ತ ಬಂತು, ಕಲೆ ಇದ್ದಲ್ಲೇ ಇತ್ತು.

ಹೆಣ್ಣು ನೋಡಲು ಬರುವವರ ಮುಂದೆ ಬಾಯಿ ಬಿಡಕೂಡದು ಎಂಬುದು ಅತ್ತೆಯ ಅಪ್ಪಣೆ. “ಏನ್ ಕೇಳಿದ್ರೂ ಹೂಂ ಅನ್ನು, ಇಲ್ದಿದ್ರೆ ಊಹ್ಞೂಂ ಅನ್ನು, ಹಲ್ಲು ಕಾಣಿಸ್ದೀಯಾ ಜೋಕೆ!” ಮೊದಲು ಬಂದವರು ಹಾಸನದ ಕಡೆಯವರು. ಏನು ಓದಿದ್ದೀಯಮ್ಮ ಎಂದು ಕೇಳಿದ್ದಕ್ಕೂ ಇವಳು ಹೂಂ ಎಂದಳು. ಹುಡುಗಿಗೆ ಮಾತು ಸರಿಯಾಗಿ ಬರುವುದಿಲ್ಲ, ತೊದಲು, ಮುಚ್ಚಿಟ್ಟಿದ್ದಾರೆ ಎಂದು ಅವರು ನೆಂಟರ ಮನೆಗಳಲ್ಲೆಲ್ಲ ಹಬ್ಬಿಸಿದರು. ಮುಂದಿನವರು ಬಂದಾಗ ಆ ತೊದಲಿನ ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಹಲ್ಲಿನ ಕಲೆ ಮುಚ್ಚಲು ಹೋಗಿ ಹುಡುಗಿಯನ್ನು ಮೂಗಿ ಮಾಡಿದ ಬುದ್ಧಿವಂತಿಕೆ ನಮ್ಮ ಅತ್ತೆಯದು.

ಆಮೇಲೆ ಬಂತು ಬೇಲೂರಿನ ಸಂಬಂಧ. ಹುಡುಗ ಹಳೇಬೀಡಿನಲ್ಲಿ ಪ್ರೌಢಶಾಲೆಯ ಮೇಷ್ಟ್ರು, ಮನೆ ಬೇಲೂರು. ಅಪ್ಪ ಇಲ್ಲ, ಅಮ್ಮ ಮತ್ತು ಮಗ ಇಬ್ಬರೇ. ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ಬಂದಿಳಿದರು. ನನಗೆ ನಮ್ಮ ಕಡೆಯವರು ಬರುತ್ತಾರೆ ಎಂದು ಸ್ವಲ್ಪ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಆ ಸಂತೋಷ ಹುಡುಗನ ತಾಯಿ ಕಾರಿನ ಡಿಕ್ಕಿ ತೆಗೆಸುವವರೆಗೆ ಮಾತ್ರ ಇತ್ತು. ಡಿಕ್ಕಿಯೊಳಗಿಂದ ಹಣ್ಣುಹೂವಿನ ಬುಟ್ಟಿಯ ಜೊತೆಗೆ ಒಂದು ನೀರಿನ ಕ್ಯಾನು ಇಳಿಯಿತು.

“ತಪ್ಪು ತಿಳ್ಕೋಬೇಡಿ ಕಣ್ರೀ” ಎಂದರು ಆಕೆ, ಕ್ಯಾನನ್ನು ನಮ್ಮ ನಡುಮನೆಯ ಟೀಪಾಯಿಯ ಮೇಲೆ ಇಡಿಸುತ್ತಾ. “ನಮಗೆ ಯಗಚಿ ಹೊಳೆ ನೀರು ಕುಡಿದು ಅಭ್ಯಾಸ. ಈ ಕಡೆ ನೀರು ಆಗಿಬರಲ್ಲ.”

ಹೆಣ್ಣು ನೋಡಲು ಬಂದವರು ನೀರು ಹೊತ್ತು ತರುವುದನ್ನು ನಾನು ಕೇಳಿರಲಿಲ್ಲ, ಕಂಡಿರಲಿಲ್ಲ. ಹೆಣ್ಣಿನ ಮನೆಯ ನೀರು ಬಾಯಿಗೆ ಬಿಡದವರು ಹೆಣ್ಣನ್ನು ಹೇಗೆ ಮನೆಗೆ ತುಂಬಿಸಿಕೊಳ್ಳುತ್ತಾರೋ! ಅತ್ತೆಯ ಮುಖ ನೋಡಬೇಕಿತ್ತು. ಈ ನೆಂಟರಿಗಾಗಿಯೇ ಬೆಳಿಗ್ಗೆ ಯಂತ್ರದ ಹೊದಿಕೆ ತೆಗೆದು, ಒರೆಸಿ, ಅಡುಗೆಮನೆಯ ಬಾಗಿಲನ್ನು ಅದು ಕಾಣುವ ಹಾಗೆ ತೆಗೆದಿಟ್ಟಿದ್ದರು. “ನಮ್ದೂ ಫಿಲ್ಟರ್ ನೀರೇ ಕಣ್ರೀ” ಎಂದರು. ಆಕೆ ನಕ್ಕು, ಕಾಫಿಯೂ ಬೇಡ, ಬೇಕಾದರೆ ಒಂದು ಲೋಟ ಬರೀ ಹಾಲು ಕೊಡಿ ಎಂದರು.

“ಹಾಲು ಕರೆಯೋ ಹಸಾನೂ ಈ ನೀರೇ ಕುಡಿಯೋದು” ಎಂದರು ಅತ್ತೆ. ಅದೊಂದು ಮಾತಿಗೆ ನನಗೆ ಅತ್ತೆಯ ಮೇಲೆ ಪ್ರೀತಿ ಬಂತು.

ನಾದಿನಿ ತಟ್ಟೆ ಹಿಡಿದು ಬಂದಳು, ಹೂಂ ಎಂದಳು, ಊಹ್ಞೂಂ ಎಂದಳು. ಹುಡುಗನೂ ಅಷ್ಟೇ. ನನ್ನ ಗಂಡ ಸಂಬಳ, ಶಾಲೆ, ಬಸ್ಸಿನ ಸಮಯ ಎಲ್ಲ ಕೇಳಿದರೆ ಅವನೂ ತುಟಿ ಬಿಚ್ಚದೆ ಗುನುಗುತ್ತಿದ್ದ. ಉತ್ತರವೆಲ್ಲ ಅವನ ತಾಯಿಯದು. ಎಂಥ ಅಮ್ಮನ ಸೆರಗಿನ ಗಿರಾಕಿ, ಇವನು ಮಕ್ಕಳಿಗೆ ಹೇಗೆ ಪಾಠ ಮಾಡುತ್ತಾನೋ ಎಂದು ಒಳಗೊಳಗೇ ಮೂಗು ಮುರಿದೆ. ಕೊನೆಗೆ, ಇಬ್ಬರೂ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಎರಡು ಮನೆಯವರೂ ಒಪ್ಪಿ ಅವರನ್ನು ತಾರಸಿಗೆ ಕಳಿಸಿದರು. ಕಾವಲಿಗೆ ಎಂದು ಬಾಯಿ ಬಿಟ್ಟು ಹೇಳದೆ, ಒಣಗಿದ ಬಟ್ಟೆ ತರುವ ನೆಪದಲ್ಲಿ ನನ್ನನ್ನೂ ಅಟ್ಟಿದರು.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ನಾನು ತಂತಿಯ ಹತ್ತಿರ ಬೆನ್ನು ಮಾಡಿ ನಿಂತೆ, ಕಿವಿ ಮಾತ್ರ ಅಲ್ಲೇ ಇತ್ತು. ಲ್ಯಾಬಿನಲ್ಲಿ ಕೆಲಸ ಜಾಸ್ತಿಯಾ ಎಂದು ಅವನು ಗುನುಗಿದ. ಹೂಂ ಎಂದಳು. ಹಳೇಬೀಡು ನೋಡಿದ್ದೀರಾ ಎಂದ. ಹೂಂ. ನನಗೆ ರೇಗಿಹೋಯಿತು. ಇವರಿಬ್ಬರನ್ನೂ ಕೂಡಿಸಿ ಸಂಸಾರ ಹೂಡಿದರೆ ಮನೆಯಲ್ಲಿ ಕುಕ್ಕರು ಒಂದೇ ಕೂಗುವುದು ಅಂದುಕೊಂಡೆ.

ಆಮೇಲೆ ಅವನು ಕೇಳಿದ. “ನಿಮಗೂ ಬಾಯಿ ಬಿಡಬೇಡ ಅಂತ ಹೇಳಿ ಕಳಿಸಿದಾರಾ?”

ನಾನು ತಿರುಗಿ ನೋಡಿದೆ. ನಾದಿನಿ ಹೌದೆಂದು ತಲೆ ಆಡಿಸುತ್ತಿದ್ದಳು.

“ನಮ್ಮ ದೇವಸ್ಥಾನದ ಗೋಡೆ ಮೇಲೆ ಅಷ್ಟೊಂದು ಹೆಂಗಸರಿದಾರಲ್ಲ, ಕನ್ನಡಿ ಹಿಡಿದವರು, ಕುಣಿಯೋರು. ಒಬ್ರೂ ಹಲ್ಲು ತೋರಿಸಿ ನಕ್ಕಿಲ್ಲ ನೋಡಿ. ಅವರಮ್ಮಂದಿರೂ ಹೀಗೇ ಹೇಳಿದ್ರೋ ಏನೋ” ಎಂದ. ತನ್ನ ಮಾತಿಗೆ ತಾನೇ ನಕ್ಕುಬಿಟ್ಟ, ಬಾಯಿ ತುಂಬ. ಅವನ ಮುಂದಿನ ಹಲ್ಲುಗಳ ಮೇಲೂ ಅದೇ ಕಂದು ಪಟ್ಟೆ, ಅದೇ ಗುಳಿ. ನನ್ನ ಕೈಯಲ್ಲಿದ್ದ ಟವಲು ಕೆಳಗೆ ಬಿತ್ತು.

ನಾದಿನಿ ಅವನ ಬಾಯನ್ನೇ ನೋಡಿದಳು. ಆಮೇಲೆ ನಕ್ಕಳು. ಮೊದಲು ಮೆತ್ತಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅಂಗೈ ಅಡ್ಡ ಬರಲಿಲ್ಲ. “ಬೇಲೂರಲ್ಲಿ ಈ ಹಲ್ಲು ಹ್ಯಾಗ್ರೀ?” ಎಂದು ಅವಳೇ ಕೇಳಿದಳು. ಅವನ ಅಪ್ಪನಿಗೆ ಮೊದಲು ಕೆಲಸ ಇದ್ದದ್ದು ನಮ್ಮ ಅರಸೀಕೆರೆ ಪಕ್ಕದ ಬಾಣಾವರದ ಕಡೆಯ ಒಂದು ಹಳ್ಳಿಯಲ್ಲಂತೆ. ಇವನು ಶಾಲೆಗೆ ಸೇರಿ ಎರಡು ಮೂರು ಕ್ಲಾಸು ಓದುವವರೆಗೂ ಅಲ್ಲಿಯ ಬೋರಿನ ನೀರನ್ನೇ ಕುಡಿದದ್ದಂತೆ. ಯಗಚಿ ನೀರು ಆಮೇಲಿನದು. ಕೆಳಗೆ ಟೀಪಾಯಿಯ ಮೇಲೆ ಕೂತಿದ್ದ ಕ್ಯಾನು ನೆನಪಾಗಿ ನಾನೂ ನಕ್ಕೆ. ಮೂವರೂ ನಗುತ್ತಲೇ ಮೆಟ್ಟಿಲಿಳಿದೆವು.

ಕೆಳಗೆ ಇಬ್ಬರು ತಾಯಂದಿರೂ ಎದ್ದು ನಿಂತಿದ್ದರು. ಆಕೆ ನಮ್ಮ ಹುಡುಗಿಯ ಹಲ್ಲು ನೋಡಿದರು, ನಮ್ಮ ಅತ್ತೆ ಅವರ ಹುಡುಗನ ಹಲ್ಲು ನೋಡಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಇವನಿಗೆ ಚಿಕ್ಕೋನಿದ್ದಾಗ ಟೈಫಾಯ್ಡ್ ಬಂದಿತ್ತು ಕಣ್ರೀ. ಔಷಧಿ ಜಾಸ್ತಿ ಆಗಿ ಹಲ್ಲಿಗೆ ಬಂತು” ಎಂದರು ಆಕೆ.

“ಇವಳ್ಗೂ ಅಷ್ಟೇಯ. ಕಾಮಾಲೆ ಆಗಿತ್ತು” ಎಂದರು ಅತ್ತೆ.

ಇವಳಿಗೆ ಯಾವ ಕಾಮಾಲೆಯೂ ಆಗಿರಲಿಲ್ಲ. ಅವನಿಗೆ ಟೈಫಾಯ್ಡೂ ಬಂದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಮಕ್ಕಳಿಗೆ ಬಾರದ ಕಾಯಿಲೆಯನ್ನಾದರೂ ಅಂಟಿಸುತ್ತಾರೆ, ನೀರು ಎಂಬ ಎರಡಕ್ಷರ ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಥೂ! ತಿಳಿಸುತ್ತೇವೆ ಎಂದು ಆಕೆ ಹೊರಟರು, ನಾವೂ ತಿಳಿಸುತ್ತೇವೆ ಎಂದು ಅತ್ತೆ ಬಾಗಿಲವರೆಗೆ ಬಂದರು. ಕ್ಯಾನು ಹಾಗೇ ಕಾರಿಗೆ ಹೋಯಿತು.

ಕಾರು ತಿರುಗುವ ಮೊದಲೇ ಅತ್ತೆಯ ತೀರ್ಪು ಬಂತು. “ಆ ಹಲ್ಲು ನೋಡಕ್ಕಾಯ್ತದೇನೇ? ಅಷ್ಟು ದೌಲತ್ತು ಮಾಡ್ದೋಳು, ಮಗನ ಬಾಯಿ ಹಂಗಿಟ್ಕೊಂಡವ್ಳೆ. ಬ್ಯಾಡ ಈ ಸಂಬಂಧ.” ತಮ್ಮ ಮಗಳ ಬಾಯಿಗೆ ಹೆಸರಿಟ್ಟು ಬಿಟ್ಟುಹೋದವರಿಗೆ ಹಿಡಿಹಿಡಿ ಶಾಪ ಹಾಕಿದ ಬಾಯಿ ಅದು. ನಾನು ನನ್ನ ಗಂಡನ ಮುಖ ನೋಡಿದೆ. ಅವನು ಟೀವಿ ಹಾಕಿದ. ಎರಡು ದಿನ ಬಿಟ್ಟು ಬೇಲೂರಿನಿಂದಲೂ ಫೋನು ಬಂತು, ಜಾತಕ ಕೂಡಿಬರುತ್ತಿಲ್ಲವಂತೆ.

ನಾದಿನಿ ಆ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹಿತ್ತಲಲ್ಲಿ ನಿಂತು ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಬಂದು ಅತ್ತೆಯ ಎದುರು ಕೂತಳು.

“ಅಮ್ಮ, ನಾನು ಅವರನ್ನೇ ಮದುವೆ ಆಗೋದು.”

“ಅವನಿಗೂ ಹಂಗೆ, ನಿಂಗೂ ಹಂಗೆ. ನಾಳೆ ಹುಟ್ಟೋ ಮಕ್ಳು ಏನಾಗ್ಬೇಕು? ಎರಡೂ ಕಡೆ ರಕ್ತದಲ್ಲಿ ಐತೆ ಅದು” ಎಂದರು ಅತ್ತೆ.

ರಕ್ತ! ಇನ್ನು ನನಗೆ ತಡೆಯಲಾಗಲಿಲ್ಲ. ನನ್ನ ಮಗಳನ್ನು ಕರೆದು ಅಜ್ಜಿಯ ಎದುರು ನಿಲ್ಲಿಸಿ ಬಾಯಿ ಆ ಮಾಡಿಸಿದೆ. ನಾಲ್ಕನೇ ಕ್ಲಾಸಿನ ಹುಡುಗಿ, ಹೊಸ ಹಲ್ಲುಗಳು, ಎಲ್ಲವೂ ಬೆಳ್ಳಗೆ. ಇದೇ ಮನೆಯಲ್ಲಿ ಹುಟ್ಟಿದ್ದು, ನಿಮ್ಮ ಮಗನ ರಕ್ತವೇ, ಆ ಅಜ್ಜಿಯ ವಂಶವೇ, ಇವಳಿಗೆ ಯಾಕೆ ಬರಲಿಲ್ಲ ಹೇಳಿ ಎಂದೆ.

“ಅದು ನಿನ್ ಕಡೆಗೆ ಹೋಗೈತೆ” ಎಂದರು ಅತ್ತೆ.

“ನನ್ನ ಕಡೆಗೂ ಹೋಗಿಲ್ಲ, ನಿಮ್ಮ ಕಡೆಗೂ ಹೋಗಿಲ್ಲ. ಹುಟ್ಟಿದಾಗಿನಿಂದ ಇವಳಿಗೆ ನಿಮ್ಮ ಕಣ್ಣು ತಪ್ಪಿಸಿ ಯಂತ್ರದ ನೀರು ಕುಡಿಸಿದ್ದೀನಿ. ಇವಳ ಹಾಲಿಗೂ ಅದೇ, ಗಂಜಿಗೂ ಅದೇ. ನಿಮ್ಮ ಬ್ಯಾಟರಿಗಿಂತ ನನ್ನ ಮಗಳು ಹೆಚ್ಚು ನನಗೆ” ಎಂದೆ. ಅಷ್ಟು ವರ್ಷದ ಸಿಟ್ಟು ಒಂದೇ ಉಸಿರಿಗೆ ಬಂತು.

ಅತ್ತೆ ಮೊಮ್ಮಗಳ ಬಾಯನ್ನೇ ನೋಡುತ್ತಾ ಕೂತರು. ಅವಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಆಮೇಲೆ ಕೈಬಿಟ್ಟು ನನ್ನ ಮೇಲೆ ಕಿರುಚಿದರು. “ಹಂಗಾರೆ ಏನೇ ನೀನ್ ಹೇಳೋದು? ನಾನೇ ನನ್ ಮಗಳ ಹಲ್ಲು ಕೆಡಿಸ್ದೆ ಅಂತಲಾ? ಅಳ್ತಾ ಇದ್ರೆ ಎದ್ದೆದ್ದು ಲೋಟದಲ್ಲಿ ನೀರು ಕುಡಿಸ್ದೋಳು ನಾನು. ಬಿಸಿಲಲ್ಲಿ ಆಡ್ಕೊಂಡು ಬಂದ್ರೆ ಹಿಡ್ದು ನಿಲ್ಸಿ ಕುಡಿಸ್ದೋಳು ನಾನು. ನಾನೇನೇ?”

ಡಾಕ್ಟರ ಮಾತನ್ನು ಮೆಟ್ಟಿಲಿನಲ್ಲೇ ಯಾಕೆ ಎಸೆದು ಬಂದರು, ಬಾರದ ಕಾಮಾಲೆಯನ್ನು ಯಾಕೆ ತಂದರು, ಸತ್ತ ಅಜ್ಜಿಯನ್ನು ಯಾಕೆ ಹಿಡಿದುಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು. ಬಾಯಿಗೆ ಬಂದಿದ್ದ ಮುಂದಿನ ಮಾತನ್ನು ನುಂಗಿಕೊಂಡೆ.

ಉತ್ತರ ಕೊಟ್ಟದ್ದು ನಾದಿನಿ. “ಹೌದು ಕಣಮ್ಮ” ಎಂದಳು. “ನಿಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತು. ನನ್ನ ಮಕ್ಕಳಿಗೆ ಹಂಗಾಗಲ್ಲ.”

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಮಗಳ ಕಡೆ ಕೈಚಾಚಿ, “ಆಯಮ್ಮನ ನಂಬರ್ ಹಾಕ್ಕೊಡು” ಎಂದರು. ಅತ್ತೆಗೆ ಫೋನನ್ನು ಕಿವಿಗೆ ಹಿಡಿದು ಅಭ್ಯಾಸವಿಲ್ಲ. ಸ್ಪೀಕರಿಗೆ ಹಾಕಿ ಅಂಗೈ ಮೇಲಿಟ್ಟುಕೊಂಡೇ ಮಾತಾಡುವುದು. ನಾವು ಮೂವರೂ ಅಲ್ಲೇ ಇದ್ದೆವು.

ಬೇಲೂರಿನ ಹೆಂಗಸು ಹಲೋ ಎಂದು, ಜಾತಕದ ಮಾತು ತೆಗೆಯಲು ಹೋದರು. ಅತ್ತೆ ಬಿಡಲಿಲ್ಲ.

“ಜಾತಕ ಅಂಗಿರ್ಲಿ ಕಣಮ್ಮ. ನನ್ ಮಗಳಿಗೆ ಕಾಮಾಲೆ ಆಗಿರ್ನಿಲ್ಲ. ಸುಳ್ಳು ಹೇಳ್ದೆ. ಅವಳ ಹಲ್ಲು ಹಂಗಾಗಿದ್ದು ನಮ್ ನಲ್ಲಿ ನೀರಿಂದ. ನನ್ ಕೈಯಾರೆ ಕುಡಿಸ್ದೆ.” ಅತ್ತೆ ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದರು. “ಈಗ ನೀವೇಳಿ, ನಿಮ್ ಮಗನ್ದು ಯಾವುದ್ರಿಂದ ಆಗಿದ್ದು?”

ಫೋನು ಕಟ್ಟಾಯಿತೇನೋ ಎಂದು ನಾದಿನಿ ಬಗ್ಗಿ ನೋಡಿದಳು. ಕಟ್ಟಾಗಿರಲಿಲ್ಲ. ಮೂಗು ಏರಿಸಿಕೊಳ್ಳುವ ಸದ್ದು ಕೇಳಿಸಿತು.

“ನಾನೂ ಅದನ್ನೇ ಕುಡಿಸಿದ್ದು ಕಣ್ರೀ” ಎಂದರು ಆಕೆ.